ರೇಸ್‌ಗಳು ಅವೇ, ಲೆಕ್ಕ ಬೇರೆ
(ಫಾರ್ಮುಲಾ ಒನ್ ಅಂಕಪಟ್ಟಿಯಿಂದ ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಪಾಠ)



ಫಾರ್ಮುಲಾ ಒನ್ ನೋಡುವವರು ನಮ್ಮ ತರಗತಿಯಲ್ಲಿ ಹೆಚ್ಚಿಲ್ಲ. ಆದರೆ ಇರುವ ನಾಲ್ಕೈದು ಜನ ಸೇರಿದರೆ ಸಾಕು, ಜಗಳ ಗ್ಯಾರಂಟಿ. ಒಬ್ಬ ಹ್ಯಾಮಿಲ್ಟನ್ ಎಂದರೆ ಇನ್ನೊಬ್ಬ ವರ್ಸ್ಟಾಪೆನ್ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಭಾಯಿಜಾನ್ ಇಬ್ಬರನ್ನೂ ಒಪ್ಪುವುದಿಲ್ಲ, ಅವರ ಪಾಲಿಗೆ ಸೆನ್ನಾ ಒಬ್ಬರೇ ಡ್ರೈವರ್. ಈ ವಾದಗಳು ಮುಗಿಯದಿರುವುದಕ್ಕೆ ಒಂದು ಕಾರಣವಿದೆ. ಎಲ್ಲರೂ ಉತ್ತರ ಹೇಳುತ್ತಾರೆ, ಆದರೆ ಯಾವ ಲೆಕ್ಕದ ಪ್ರಕಾರ ಎಂದು ಯಾರೂ ಹೇಳುವುದಿಲ್ಲ.

ಇದು ನಮಗೆ ಹೊಸ ವಿಷಯವಲ್ಲ. ಸವಕಳಿ ಪಾಠ ನೆನಪು ಮಾಡಿಕೊಳ್ಳಿ. 1,00,000 ರೂಪಾಯಿಯ ಯಂತ್ರ, ಸವಕಳಿ ದರ ಶೇ. 10. ಸ್ಟ್ರೈಟ್ ಲೈನ್ ವಿಧಾನದಲ್ಲಿ ಎರಡನೇ ವರ್ಷದ ಸವಕಳಿ 10,000 ರೂಪಾಯಿ. ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ 9,000 ರೂಪಾಯಿ. ಯಂತ್ರ ಅದೇ, ಬಿಲ್ ಅದೇ, ಆದರೂ ಲಾಭ 1,000 ರೂಪಾಯಿ ಬೇರೆ. ಯಾರೂ ಮೋಸ ಮಾಡಿಲ್ಲ, ವಿಧಾನ ಬೇರೆ ಅಷ್ಟೇ. ಫಾರ್ಮುಲಾ ಒನ್‌ನಲ್ಲಿಯೂ ಹೀಗೇ ಆಗುತ್ತದೆ. ಅಲ್ಲಿ ಬದಲಾಗುವುದು ಲಾಭದ ಅಂಕಿಯಲ್ಲ, ವಿಶ್ವ ಚಾಂಪಿಯನ್‌ನ ಹೆಸರು.

1. ಗೆಲುವಿನ ಬೆಲೆ ಎಷ್ಟು?

ಒಂದು ವರ್ಷದಲ್ಲಿ ಹಲವು ರೇಸ್‌ಗಳು ನಡೆಯುತ್ತವೆ. ಪ್ರತಿ ರೇಸ್‌ನಲ್ಲಿ ಮೊದಲು ಬಂದವರಿಗೆ ಸ್ಥಾನಕ್ಕೆ ತಕ್ಕಂತೆ ಅಂಕ. ವರ್ಷದ ಕೊನೆಗೆ ಹೆಚ್ಚು ಅಂಕ ಇದ್ದವರು ಚಾಂಪಿಯನ್. ಆದರೆ ಯಾವ ಸ್ಥಾನಕ್ಕೆ ಎಷ್ಟು ಅಂಕ ಎಂಬ ನಿಯಮ ಕಾಲಕಾಲಕ್ಕೆ ಬದಲಾಗಿದೆ:

1961ರಿಂದ 1990: 9, 6, 4, 3, 2, 1
1991ರಿಂದ 2002: 10, 6, 4, 3, 2, 1
2003ರಿಂದ 2009: 10, 8, 6, 5, 4, 3, 2, 1
2010ರಿಂದ: 25, 18, 15, 12, 10, 8, 6, 4, 2, 1

ಇದನ್ನು ಸ್ಟಾಟಿಸ್ಟಿಕ್ಸ್ ಕಣ್ಣಿನಿಂದ ನೋಡಿ. ವೇಯ್ಟೆಡ್ ಆವರೇಜ್ ಪಾಠದಲ್ಲಿ ವೇಯ್ಟ್ ಬದಲಾದರೆ ಉತ್ತರ ಬದಲಾಗುತ್ತದೆ. ಇಲ್ಲಿ ಅಂಕಗಳೇ ವೇಯ್ಟ್. ಎರಡನೇ ಸ್ಥಾನದ ಬೆಲೆ ಗೆಲುವಿನ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ 1990ರವರೆಗೆ ಸುಮಾರು 67, ನಂತರ 60, 2003ರಿಂದ 80, 2010ರಿಂದ 72. ಅಂದರೆ 1991ರ ನಿಯಮ ಗೆಲ್ಲುವವರಿಗೆ ಅನುಕೂಲ, 2003ರ ನಿಯಮ ಪ್ರತಿ ವಾರ ತಪ್ಪದೆ ಮುಂದಿನ ಸಾಲಿನಲ್ಲಿ ಬರುವವರಿಗೆ ಅನುಕೂಲ. 2002ರಲ್ಲಿ ಮೈಕೆಲ್ ಶೂಮಾಕರ್ ಇನ್ನೂ ಆರು ರೇಸ್ ಬಾಕಿ ಇರುವಾಗಲೇ ಚಾಂಪಿಯನ್ ಆಗಿಬಿಟ್ಟಿದ್ದರು. ಅದರ ಮರುವರ್ಷವೇ ಎರಡನೇ ಸ್ಥಾನದ ಬೆಲೆ 6ರಿಂದ 8ಕ್ಕೆ ಏರಿತು.

ಇನ್ನೊಂದು ಹಳೆಯ ನಿಯಮವೂ ಇತ್ತು. 1990ರವರೆಗೆ ಎಲ್ಲಾ ರೇಸ್‌ಗಳ ಅಂಕ ಲೆಕ್ಕಕ್ಕೆ ಬರುತ್ತಿರಲಿಲ್ಲ. ಉತ್ತಮವಾದ ಕೆಲವನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಡುತ್ತಿದ್ದರು. ಆಗ ಕಾರುಗಳು ಆಗಾಗ ಕೆಟ್ಟು ನಿಲ್ಲುತ್ತಿದ್ದವು. ಯಂತ್ರ ಕೈಕೊಟ್ಟ ದಿನಗಳಿಂದ ಡ್ರೈವರ್‌ನ ಇಡೀ ವರ್ಷ ಹಾಳಾಗಬಾರದು ಎಂಬ ಯೋಚನೆಗೆ ಈ ನಿಯಮ ಹೊಂದುತ್ತಿತ್ತು.

2. ಉದಾಹರಣೆ ಒಂದು: 1988, ಸೆನ್ನಾ ಮತ್ತು ಪ್ರಾಸ್ಟ್

ಬ್ರೆಜಿಲ್‌ನ ಅಯರ್ಟನ್ ಸೆನ್ನಾ, ಫ್ರಾನ್ಸ್‌ನ ಅಲೈನ್ ಪ್ರಾಸ್ಟ್. ಇಬ್ಬರೂ ಒಂದೇ ತಂಡ, ಮೆಕ್‌ಲಾರೆನ್. ಆ ವರ್ಷ 16 ರೇಸ್‌ಗಳಲ್ಲಿ 15ನ್ನು ಇವರಿಬ್ಬರೇ ಹಂಚಿಕೊಂಡರು. ಉಳಿದ ಒಂದನ್ನು, ಇಟಲಿಯ ಮೊಂಜಾದಲ್ಲಿ, ಫೆರಾರಿಯ ಗೆರ್ಹಾರ್ಡ್ ಬರ್ಗರ್ ಗೆದ್ದರು. ಕಾರು ಒಂದೇ ಆಗಿದ್ದರಿಂದ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದು ಕಷ್ಟ.

ಪ್ರಾಸ್ಟ್: 7 ಗೆಲುವು, 7 ಎರಡನೇ ಸ್ಥಾನ, 2 ಸೊನ್ನೆ.
(7 × 9) + (7 × 6) = 63 + 42 = 105

ಸೆನ್ನಾ: 8 ಗೆಲುವು, 3 ಎರಡನೇ ಸ್ಥಾನ, ಒಂದು ನಾಲ್ಕನೇ, ಒಂದು ಆರನೇ, ಒಂದು ಹತ್ತನೇ ಸ್ಥಾನ, 2 ಸೊನ್ನೆ.
(8 × 9) + (3 × 6) + 3 + 1 = 72 + 18 + 4 = 94

ಒಟ್ಟು ನೋಡಿದರೆ ಪ್ರಾಸ್ಟ್ 11 ಅಂಕ ಮುಂದೆ. ಆದರೆ ಆ ವರ್ಷದ ನಿಯಮ ಉತ್ತಮ 11 ಫಲಿತಾಂಶಗಳನ್ನು ಮಾತ್ರ ಹಿಡಿಯಬೇಕು ಎನ್ನುತ್ತಿತ್ತು. ಪ್ರಾಸ್ಟ್‌ರ 14 ಒಳ್ಳೆಯ ಫಲಿತಾಂಶಗಳಲ್ಲಿ ಮೂರು ಎರಡನೇ ಸ್ಥಾನಗಳು ಹೊರಗೆ ಹೋದವು.

ಪ್ರಾಸ್ಟ್: (7 × 9) + (4 × 6) = 87
ಸೆನ್ನಾ: (8 × 9) + (3 × 6) = 90

ಚಾಂಪಿಯನ್ ಸೆನ್ನಾ. ಅದು ನಿರ್ಧಾರವಾದದ್ದು ಜಪಾನಿನ ಸುಜುಕಾದಲ್ಲಿ. ಆ ರೇಸ್‌ನ ಆರಂಭದಲ್ಲೇ ಸೆನ್ನಾರ ಎಂಜಿನ್ ನಿಂತುಹೋಗಿ ಅವರು 14ನೇ ಸ್ಥಾನಕ್ಕೆ ಇಳಿದಿದ್ದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ, ಕೊನೆಗೆ ಪ್ರಾಸ್ಟ್‌ರನ್ನೂ ದಾಟಿ ಗೆದ್ದರು. ಭಾಯಿಜಾನ್ ಸೆನ್ನಾರನ್ನು ಏಕೆ ಬಿಟ್ಟುಕೊಡುವುದಿಲ್ಲ ಎಂದು ಆ ರೇಸ್ ನೋಡಿದರೆ ಅರ್ಥವಾಗುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. 1988ರ ಪ್ರಶಸ್ತಿ ಸೆನ್ನಾರಿಗೆ ಹೋದದ್ದು ಸರಿ, ಏಕೆಂದರೆ ನಿಯಮ ಮೊದಲೇ ಇಬ್ಬರಿಗೂ ಗೊತ್ತಿತ್ತು. ಆದರೆ 16ರಲ್ಲಿ 14 ಬಾರಿ ಮೊದಲನೆಯವರೋ ಎರಡನೆಯವರೋ ಆಗಿ ಬಂದ ಪ್ರಾಸ್ಟ್‌ರನ್ನು ಸೋತವರು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. 1991ರಿಂದ ಎಲ್ಲಾ ಫಲಿತಾಂಶಗಳನ್ನೂ ಲೆಕ್ಕಕ್ಕೆ ಹಿಡಿಯುವ ನಿಯಮ ಬಂತು.

3. ಉದಾಹರಣೆ ಎರಡು: 2008, ಹ್ಯಾಮಿಲ್ಟನ್ ಮತ್ತು ಮಾಸಾ

ಮೆಕ್‌ಲಾರೆನ್‌ನ ಲೂಯಿಸ್ ಹ್ಯಾಮಿಲ್ಟನ್, ಫೆರಾರಿಯ ಫಿಲಿಪೆ ಮಾಸಾ. ಕೊನೆಯ ರೇಸ್ ಬ್ರೆಜಿಲ್‌ನಲ್ಲಿ, ಅಂದರೆ ಮಾಸಾರ ಸ್ವಂತ ಊರು ಸಾವೊ ಪೌಲೊದಲ್ಲಿ. ಮಾಸಾ ಗೆದ್ದು ಗೆರೆ ದಾಟಿದಾಗ ಅವರ ತಂಡದವರು ಚಾಂಪಿಯನ್ ಎಂದು ಕುಣಿಯತೊಡಗಿದ್ದರು. ಆದರೆ ಹ್ಯಾಮಿಲ್ಟನ್‌ಗೆ ಐದನೇ ಸ್ಥಾನ ಸಾಕಾಗಿತ್ತು. ಮಳೆಯಲ್ಲಿ ಒಣ ಟಯರ್ ಮೇಲೆ ಪರದಾಡುತ್ತಿದ್ದ ಟಿಮೊ ಗ್ಲಾಕ್ ಅವರನ್ನು ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ದಾಟಿ ಆ ಸ್ಥಾನ ಹಿಡಿದರು. ಒಟ್ಟು ಹ್ಯಾಮಿಲ್ಟನ್ 98, ಮಾಸಾ 97.

ಈಗ ಇಬ್ಬರ ಖಾತೆ ತೆರೆಯೋಣ. ಆ ವರ್ಷ 18 ರೇಸ್‌ಗಳು.

ಹ್ಯಾಮಿಲ್ಟನ್: 5 ಗೆಲುವು, 2 ಎರಡನೇ, 3 ಮೂರನೇ, 3 ಐದನೇ, 1 ಏಳನೇ ಸ್ಥಾನ.
50 + 16 + 18 + 12 + 2 = 98

ಮಾಸಾ: 6 ಗೆಲುವು, 2 ಎರಡನೇ, 2 ಮೂರನೇ, 1 ಐದನೇ, 1 ಆರನೇ, 1 ಏಳನೇ ಸ್ಥಾನ.
60 + 16 + 12 + 4 + 3 + 2 = 97

ಇದೇ ಫಲಿತಾಂಶಗಳಿಗೆ 1991ರಿಂದ 2002ರವರೆಗಿನ ನಿಯಮ ಹಾಕಿ ನೋಡಿ. ಆಗ ಏಳನೇ ಸ್ಥಾನಕ್ಕೆ ಅಂಕವಿಲ್ಲ.

ಹ್ಯಾಮಿಲ್ಟನ್: 50 + 12 + 12 + 6 = 80
ಮಾಸಾ: 60 + 12 + 8 + 2 + 1 = 83

ಮಾಸಾ ಮೂರು ಅಂಕ ಮುಂದೆ! ಇಷ್ಟು ಹೇಳಿ ಪೆನ್ ಕೆಳಗಿಟ್ಟರೆ ಲೆಕ್ಕ ಅರ್ಧವಾಗುತ್ತದೆ. ಹ್ಯಾಮಿಲ್ಟನ್ ಬ್ರೆಜಿಲ್‌ನಲ್ಲಿ ಗೆಲ್ಲಲು ಓಡಿಸಲಿಲ್ಲ, ಐದನೇ ಸ್ಥಾನ ಉಳಿಸಿಕೊಳ್ಳಲು ಓಡಿಸಿದರು. ನಿಯಮ ಬೇರೆ ಇದ್ದಿದ್ದರೆ ಅವರು ಓಡಿಸುವ ರೀತಿಯೂ ಬೇರೆ ಇರುತ್ತಿತ್ತು. ಆದ್ದರಿಂದ ಹೊಸ ಲೆಕ್ಕದಿಂದ ಹಳೆಯ ಚಾಂಪಿಯನ್‌ನನ್ನು ಇಳಿಸಲು ಆಗುವುದಿಲ್ಲ. ಒಂದು ಅಂಕದ ಅಂತರವನ್ನು ‘ಅವನಿಗಿಂತ ಇವನು ದೊಡ್ಡವನು’ ಎಂಬುದಕ್ಕೆ ಸಾಕ್ಷಿಯಾಗಿ ತರಬಾರದು ಎಂದಷ್ಟೇ ಹೇಳಬಹುದು.

4. ಎಲ್ಲಾ ಸೊನ್ನೆಗಳೂ ಒಂದೇ ಅಲ್ಲ

ಮಾಸಾರ ಖಾತೆಯ ಸೊನ್ನೆಗಳನ್ನು ನೋಡಿ. ಹಂಗೇರಿಯಲ್ಲಿ ಮೊದಲ ಸ್ಥಾನದಲ್ಲಿದ್ದಾಗ, ಇನ್ನು ಮೂರೇ ಸುತ್ತು ಬಾಕಿ ಇರುವಾಗ ಎಂಜಿನ್ ಸುಟ್ಟಿತು. ಸಿಂಗಪುರದಲ್ಲಿ ಇಂಧನ ತುಂಬಿಸುವ ಪೈಪ್ ಕಾರಿಗೆ ಸಿಕ್ಕಿಕೊಂಡಿರುವಾಗಲೇ ತಂಡದವರು ಹೊರಡಲು ಹಸಿರು ದೀಪ ಕೊಟ್ಟರು. ಇವೆರಡರಲ್ಲಿ ಅವರ ತಪ್ಪಿಲ್ಲ. ಆದರೆ ಮಲೇಷ್ಯಾದಲ್ಲಿ ಅವರೇ ಜಾರಿ ಟ್ರ್ಯಾಕ್‌ನಿಂದ ಹೊರಗೆ ಹೋದರು. ಅಂಕಪಟ್ಟಿಯಲ್ಲಿ ಮೂರೂ ಕಡೆ ಒಂದೇ ಸೊನ್ನೆ. ಹ್ಯಾಮಿಲ್ಟನ್ ಕೆನಡಾದಲ್ಲಿ ಪಿಟ್ ಲೇನ್‌ನ ಕೆಂಪು ದೀಪದ ಹತ್ತಿರ ನಿಂತಿದ್ದ ರೈಕೊನೆನ್ ಕಾರಿಗೆ ಹಿಂದಿನಿಂದ ಗುದ್ದಿದ್ದಕ್ಕೂ ಸೊನ್ನೆಯೇ.

ನಾವು ಜರ್ನಲ್ ಎಂಟ್ರಿ ಬರೆಯುವಾಗ ಕೆಳಗೆ ನರೇಶನ್ ಬರೆಯದಿದ್ದರೆ ಮೇಡಂ ಅಂಕ ಕಡಿಮೆ ಮಾಡುತ್ತಾರೆ. ಅದು ಏಕೆ ಬೇಕು ಎಂದು ಇಲ್ಲಿ ತಿಳಿಯುತ್ತದೆ. ಅಂಕಿ ಎಷ್ಟು ಎಂದು ಹೇಳುತ್ತದೆ, ಏಕೆ ಎಂದು ನರೇಶನ್ ಹೇಳುತ್ತದೆ.

ಸೊನ್ನೆಗೆ ಮಾತ್ರವಲ್ಲ, ಅಂಕಕ್ಕೂ ನರೇಶನ್ ಬೇಕು. ನಮ್ಮ ದೇಶದ ಮೊದಲ ಫಾರ್ಮುಲಾ ಒನ್ ಡ್ರೈವರ್ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡಾನ್ ತಂಡದಲ್ಲಿದ್ದರು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು 5 ಅಂಕ ಗಳಿಸಿದರು. ಆ ದಿನ ಓಡಿದ್ದು ಆರೇ ಕಾರು. ಟಯರ್ ಸುರಕ್ಷಿತವಲ್ಲ ಎಂಬ ಕಾರಣಕ್ಕೆ ಮಿಶೆಲಿನ್ ಟಯರ್‌ನ 14 ಕಾರುಗಳು ಹಿಂದೆ ಸರಿದಿದ್ದವು. ಕೆಲವರು ಇದನ್ನು ಹೇಳಿ ನಗುತ್ತಾರೆ. ನಾನು ನಗುವುದಿಲ್ಲ. ರೇಸ್ ಪೂರ್ತಿ ಓಡಿಸಿ ಮುಗಿಸಿದವರಿಗೆ ಆ ಅಂಕ ನ್ಯಾಯವಾಗಿಯೇ ಸೇರಬೇಕು. ಆದರೆ ಆರು ಕಾರುಗಳ ವಿಷಯ ಮುಚ್ಚಿಟ್ಟು ‘ನಾಲ್ಕನೇ ಸ್ಥಾನ’ ಎಂದು ಮಾತ್ರ ಹೇಳಿದರೆ ಅದು ಫುಲ್ ಡಿಸ್‌ಕ್ಲೋಶರ್ ಅಲ್ಲ.

5. ಅರ್ಧ ಅಂಕದ ಚಾಂಪಿಯನ್

1984ರಲ್ಲಿ ನಿಕಿ ಲೌಡಾ 72, ಪ್ರಾಸ್ಟ್ 71.5. ಪ್ರಾಸ್ಟ್ 7 ರೇಸ್ ಗೆದ್ದಿದ್ದರು, ಲೌಡಾ 5. ಈ ‘.5’ ಎಲ್ಲಿಂದ ಬಂತು? ಮೊನಾಕೊದಲ್ಲಿ ಜೋರು ಮಳೆಯಿಂದಾಗಿ ರೇಸ್ ಅರ್ಧಕ್ಕೂ ಮೊದಲೇ ನಿಂತಿತು. ಮುಂದಿದ್ದ ಪ್ರಾಸ್ಟ್‌ಗೆ 9ರ ಬದಲು 4.5 ಅಂಕ ಸಿಕ್ಕಿತು. ಹಿಂದಿನಿಂದ ವೇಗವಾಗಿ ಹತ್ತಿರ ಬರುತ್ತಿದ್ದವರು ಯಾರು ಗೊತ್ತೇ? ಇದೇ ಸೆನ್ನಾ. ರೇಸ್ ಪೂರ್ತಿ ನಡೆದು, ಸೆನ್ನಾ ದಾಟಿಹೋಗಿ, ಪ್ರಾಸ್ಟ್ ಎರಡನೆಯವರಾಗಿದ್ದರೂ 6 ಅಂಕ ಸಿಗುತ್ತಿತ್ತು. 71.5 − 4.5 + 6 = 73. ಮೊನಾಕೊದಲ್ಲಿ ಸೋತಿದ್ದರೆ ವರ್ಷ ಗೆಲ್ಲುವ ಲೆಕ್ಕ!

6. ನಮ್ಮ ಅಂಕಪಟ್ಟಿ

ಈಗ ನಮ್ಮ ವಿಷಯಕ್ಕೆ ಬರೋಣ. ರಿಸಲ್ಟ್ ಬಂದ ದಿನ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪರ್ಸೆಂಟ್? ಸಂಜೆ ಅಬ್ಬು ಜೊತೆ ಅಂಗಡಿಯಲ್ಲಿ ಕೂತು ರಾತ್ರಿ ಓದಿದ ಹುಡುಗನ 72ಕ್ಕೂ, ಪರೀಕ್ಷೆಯ ವಾರ ಅಮ್ಮಿಯ ಜೊತೆ ಆಸ್ಪತ್ರೆಯಲ್ಲಿದ್ದ ಹುಡುಗಿಯ 72ಕ್ಕೂ, ಆಟವಾಡಿಕೊಂಡು ತೆಗೆದ 72ಕ್ಕೂ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ. ಪಟ್ಟಿಯಲ್ಲಿ ನರೇಶನ್‌ಗೆ ಜಾಗವಿಲ್ಲ.

ಹಾಗಂತ ಪಟ್ಟಿ ಬೇಡ ಎಂದು ನಾನು ಹೇಳುತ್ತಿಲ್ಲ. ಪಟ್ಟಿ ಇಲ್ಲದಿದ್ದರೆ ಗಟ್ಟಿಯಾಗಿ ಕೂಗುವವನೇ ಚಾಂಪಿಯನ್ ಆಗುತ್ತಾನೆ. ನಿಯಮ ಎಲ್ಲರಿಗೂ ಒಂದೇ ಇರಬೇಕು, ವರ್ಷದ ಮಧ್ಯೆ ಬದಲಾಗಬಾರದು, ಮೊದಲೇ ತಿಳಿದಿರಬೇಕು. ಅಕೌಂಟೆನ್ಸಿಯ ಕನ್ಸಿಸ್ಟೆನ್ಸಿ ಕೂಡ ಲೆಕ್ಕದ ವಿಧಾನದ ಬಗ್ಗೆ ಇದನ್ನೇ ಕೇಳುತ್ತದೆ. ನಿಯಮಕ್ಕೆ ತಕ್ಕಂತೆ ತಯಾರಾಗುವುದೂ ಜಾಣತನವೇ. ದ್ವಿತೀಯ ಪಿಯುಸಿಯಲ್ಲಿ ಈಗ ಮತ್ತೊಮ್ಮೆ ಪರೀಕ್ಷೆ ಬರೆದು ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇದು ಸೆನ್ನಾ ಕಾಲದ ‘ಉತ್ತಮ 11’ ನಿಯಮದ ತಮ್ಮನಂತೆ, ಕೆಟ್ಟ ದಿನವನ್ನು ಕ್ಷಮಿಸುವ ನಿಯಮ. ಬೇಕಾದವರು ನಾಚಿಕೆಯಿಲ್ಲದೆ ಬಳಸಿಕೊಳ್ಳಿ.

ಪಟ್ಟಿಯನ್ನು ಗೌರವಿಸೋಣ, ಆದರೆ ಅದು ಕೊಟ್ಟ ಉತ್ತರವನ್ನು ಅದು ಕೇಳದ ಪ್ರಶ್ನೆಗೆ ಅಂಟಿಸುವುದು ಬೇಡ. ‘ಈ ವರ್ಷ, ಈ ನಿಯಮದಲ್ಲಿ ಯಾರು ಮುಂದೆ?’ ಎಂಬುದಕ್ಕೆ ಪಟ್ಟಿ ಉತ್ತರಿಸುತ್ತದೆ. ‘ಯಾರು ಯೋಗ್ಯರು?’ ಎಂಬುದು ಬೇರೆಯೇ ಪ್ರಶ್ನೆ.

ನೀವೇ ಮಾಡಿ ನೋಡಿ

1. 1988ರ ಫಲಿತಾಂಶಗಳಿಗೆ 2010ರ ನಿಯಮ ಹಾಕಿ. ಎಲ್ಲಾ 16 ರೇಸ್‌ಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೆನ್ನಾರ ಹತ್ತನೇ ಸ್ಥಾನ ಮರೆಯಬೇಡಿ.
2. 2008ರ ಫಲಿತಾಂಶಗಳಿಗೆ 2010ರ ನಿಯಮ ಹಾಕಿ. ಹ್ಯಾಮಿಲ್ಟನ್‌ಗೆ ಮೇಲೆ ಹೇಳಿದ್ದಲ್ಲದೆ ಫ್ರಾನ್ಸ್‌ನಲ್ಲಿ ಒಂದು ಹತ್ತನೇ ಸ್ಥಾನವೂ ಇದೆ.
3. ಗೆಲುವುಗಳ ಸಂಖ್ಯೆಯನ್ನು ಮಾತ್ರ ನೋಡಿದರೆ 1984, 1988, 2008ರ ಚಾಂಪಿಯನ್‌ಗಳು ಯಾರಾಗುತ್ತಿದ್ದರು?

ಉತ್ತರಗಳು: (1) ಪ್ರಾಸ್ಟ್ 301, ಸೆನ್ನಾ 275. (2) ಹ್ಯಾಮಿಲ್ಟನ್ 243, ಮಾಸಾ 240. (3) ಪ್ರಾಸ್ಟ್, ಸೆನ್ನಾ, ಮಾಸಾ.

ಮೂರನೇ ಉತ್ತರವನ್ನು ಇನ್ನೊಮ್ಮೆ ನೋಡಿ. ಮೂರು ವರ್ಷಗಳಲ್ಲಿ ಎರಡರ ಚಾಂಪಿಯನ್ ಬದಲಾಗಿದ್ದಾರೆ. ಮುಂದಿನ ಸಲ ಯಾರಾದರೂ ‘ನನ್ನ ಡ್ರೈವರೇ ಗ್ರೇಟ್’ ಎಂದರೆ ಕೋಪ ಮಾಡಿಕೊಳ್ಳಬೇಡಿ. ನೋಟ್‌ಬುಕ್ ತೆಗೆದು, ಯಾವ ನಿಯಮದಲ್ಲಿ ಎಂದು ಕೇಳಿ.