ಉಪ್ಪಿನ ಭರಣಿಯ ಸಾಕ್ಷಿ

ಸುಂಕದಕಟ್ಟೆ

ಪುಟ್ಟಿ,

"ಮಿಷಿನ್ನೇ ತೇವ 75 ತೋರಿಸ್ತಿದೆಯಲ್ಲ ಚಿಕ್ಕಪ್ಪ, ಇನ್ನೇನು ನೋಡೋದು" ಅಂದೆಯಲ್ಲ, ಆ ಮಾತು ಎರಡು ದಿನದಿಂದ ಕೊರೆಯುತ್ತಿದೆ. ಸೋಮವಾರ ರಿಪೋರ್ಟ್ ಕೊಡಬೇಕು, ಗೊತ್ತು.

ನಾನು ಪೀಣ್ಯದ ಲ್ಯಾಬಿಗೆ ಸೈಕಲ್ ತುಳಿಯುತ್ತಿದ್ದ ಕಾಲ. ಮಳೆಗಾಲ ಬಂತೆಂದರೆ ಈ ಮನೆಯಲ್ಲಿ ನಿಮ್ಮಜ್ಜಿಯ ಉಪ್ಪಿನ ಭರಣಿ ನೀರೊಡೆಯುತ್ತಿತ್ತು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ನೀರೊಡೆಯುತ್ತದೆ (ಕಲ್ಲುಪ್ಪು ಇನ್ನೂ ಮೊದಲೇ) ಎಂದು ನಾನು ಲ್ಯಾಬಿನಲ್ಲಿ ಕಲಿತೆ. ಅಜ್ಜಿಗೆ ಅಂಕಿ ಬೇಕಿರಲಿಲ್ಲ, ಭರಣಿ ಮುಟ್ಟಿ ನೋಡಿ ಹಪ್ಪಳ ಹಾಕುವ ಯೋಚನೆ ಬಿಡುತ್ತಿದ್ದಳು.

ಆಗ ಲ್ಯಾಬಿನಲ್ಲಿ, ಶಾಖ ಅಳೆಯುವ ಉಪಕರಣದ ಆಂಪೂಲಿನೊಳಗೆ ಹರಳುಗಟ್ಟದ ಲ್ಯಾಕ್ಟೋಸ್, ಪಕ್ಕದಲ್ಲಿ ಸಣ್ಣ ಗಾಜಿನ ನಳಿಕೆಯಲ್ಲಿ ಉಪ್ಪಿನ ದ್ರಾವಣ ಇಡುತ್ತಿದ್ದೆವು. ಒಂದು ದಿನ ಅವಸರದಲ್ಲಿ, ತಳದಲ್ಲಿ ಉಪ್ಪಿನ ಹರಳು ಉಳಿದಿದೆಯೇ ಎಂದು ನೋಡಲಿಲ್ಲ. ಉಳಿದಿರಲಿಲ್ಲ. ಪರ್ಯಾಪ್ತವಲ್ಲದ ದ್ರಾವಣ ಗಾಳಿಯ ತೇವವನ್ನು 75ಕ್ಕೆ ಕಟ್ಟಿಹಾಕುವುದಿಲ್ಲ, ಅದು ಮೇಲೇರುತ್ತದೆ. ಲ್ಯಾಕ್ಟೋಸ್ ಬೇಗ ಹರಳುಗಟ್ಟಿತು, ಶಾಖದ ಗ್ರಾಫಿನ ಗುಡ್ಡ ಗಂಟೆಗಟ್ಟಲೆ ಮುಂಚೆ ಎದ್ದಿತು. ಬ್ಯಾಚ್ ಸರಿಯಿಲ್ಲ ಎಂದು ಬರೆದು ಸಹಿ ಹಾಕಿದೆ. ಪುಡಿ ತಯಾರಿಸಿದ ಹುಡುಗ ಎಲ್ಲರ ಮುಂದೆ ಬೈಸಿಕೊಂಡ. ವಾರದ ಮೇಲೆ ನಿಜ ತಿಳಿದು ನಾನೇ ಹೋಗಿ ಹೇಳಿದೆ. ಅವನು ಏನೂ ಅನ್ನಲಿಲ್ಲ, ನನ್ನ ಜೊತೆ ಟೀ ಕುಡಿಯುವುದನ್ನು ಮಾತ್ರ ಬಿಟ್ಟ.

ನಿನ್ನದು ಒಣ ಗಾಳಿ, ತೇವದ ಗಾಳಿ ಬೆರೆಸುವ ಹೊಸ ಉಪಕರಣ. ಇರಲಿ. ಅದಕ್ಕೂ ಉಪ್ಪೇ ಸಾಕ್ಷಿ. 25 ಡಿಗ್ರಿಯಲ್ಲಿ ಪರ್ಯಾಪ್ತ ಉಪ್ಪಿನ ದ್ರಾವಣ ಇಟ್ಟು, ತೇವವನ್ನು 70ರಿಂದ 80ಕ್ಕೆ ಮೆಲ್ಲಗೆ ಏರಿಸು. ಮೊದಲು ನೀರು ಆರುತ್ತ ಶಾಖ ಹೀರುತ್ತದೆ, ಆಮೇಲೆ ಆವಿ ಇಳಿಯುತ್ತ ಶಾಖ ಬಿಡುತ್ತದೆ. ನಡುವೆ ಗ್ರಾಫಿನ ಗೆರೆ ಸೊನ್ನೆ ಮುಟ್ಟುವ ಜಾಗ 75ರ ಹತ್ತಿರ ಇರಬೇಕು. 72ರಲ್ಲಿ ಮುಟ್ಟಿದರೆ ನಿನ್ನ ಪರದೆ ಸುಳ್ಳು ಹೇಳುತ್ತಿದೆ. ಮೆಗ್ನೀಷಿಯಂ ನೈಟ್ರೇಟಿನಿಂದ 53ನ್ನೂ ನೋಡು. ತೇವ ತಪ್ಪಿ ಗಂಟೆಗೆ ಒಂದೇ ಮಿಲಿಗ್ರಾಂ ನೀರು ಆರಿದರೂ ಶಾಖ 600 ಮೈಕ್ರೋವ್ಯಾಟ್ ದಾಟುತ್ತದೆ. ನಿನ್ನ ಔಷಧದ ಪುಡಿಯ ದನಿ ಅದರ ಮುಂದೆ ಕೇಳಿಸೀತೇ?

ಎರಡು ದಿನ ಹಿಡಿಯುತ್ತದೆ. ಉಪಕರಣದ ಸರ್ಟಿಫಿಕೇಟ್ ನಂಬಿ ಕೊಟ್ಟುಬಿಡುವುದೂ ಒಂದು ದಾರಿಯೇ, ನಿರ್ಧಾರ ನಿನ್ನದು. ಆದರೆ ನಂಬಿ ಕೊಡುವುದಕ್ಕೆ ಎಂ.ಎಸ್ಸಿ. ಯಾಕೆ ಬೇಕಿತ್ತು, ಪ್ರಿಂಟರ್ ಸಾಕಿತ್ತಲ್ಲ!

ಜೋರಾಯಿತೇನೋ. ನಿನ್ನ ವಯಸ್ಸಿನಲ್ಲಿ ನನಗೆ ಹೀಗೆ ಬೈಯುವವರು ಇರಲಿಲ್ಲ. ಮೇಲಿನವರಿಗೆ ಬುಧವಾರ ಕೊಡುತ್ತೇನೆಂದು ಇವತ್ತೇ ಹೇಳು. ಭಾನುವಾರ ಊಟಕ್ಕೆ ಬರುವಾಗ ಉಪ್ಪಿನ ಗ್ರಾಫ್ ತಗೊಂಡು ಬಾ.

ನಿನ್ನ
ಚಿಕ್ಕಪ್ಪ