ಗೆರೆ ಸರಿಸುವ ಮೊದಲು

ಎರಡನೇ ವರ್ಷಕ್ಕೆ ಬಂದೆ, ಮ್ಯಾಕ್ರೋ ಅರ್ಥಶಾಸ್ತ್ರ ಶುರುವಾಯಿತು, ಮುಖ ಇಷ್ಟುದ್ದ ಆಯಿತು. ಮೊದಲ ವರ್ಷದಲ್ಲಿ ಕೀನ್ಸ್ ಅಂದರೆ ಎರಡು ಪುಟದ ನೋಟ್ಸು, ಗುಣಕ ಅಂದರೆ ಒಂದು ಸೂತ್ರ. ಈಗ ಐಎಸ್–ಎಲ್‌ಎಂ, ಫಿಲಿಪ್ಸ್ ರೇಖೆ, ಸೋಲೋ ಮಾದರಿ ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದಿವೆ. ನಿನ್ನ ತಲೆ ಚುರುಕು, ಅದರಲ್ಲಿ ಅನುಮಾನವಿಲ್ಲ. ಕೈ ಅದಕ್ಕಿಂತ ಚುರುಕು, ತೊಂದರೆ ಇರುವುದೇ ಅಲ್ಲಿ. ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಸ್ಕೇಲು ಹಿಡಿದು ಐಎಸ್ ರೇಖೆಯನ್ನು ಬಲಕ್ಕೆ ತಳ್ಳಿಯಾಗಿರುತ್ತದೆ. ಯಾಕೆ ಬಲಕ್ಕೆ ಹೋಯಿತು ಅಂತ ಕೇಳಿದರೆ, ‘ಸರ್ಕಾರದ ವೆಚ್ಚ ಹೆಚ್ಚಾದರೆ ಬಲಕ್ಕೇ ತಾನೆ ಹೋಗೋದು?’ ಅಂತ ನನ್ನನ್ನೇ ಕೇಳುತ್ತೀಯ. ಉರು ಹೊಡೆದಿದ್ದೀಯ ಅಂತ ಗೊತ್ತಾಯಿತು, ಅಷ್ಟೆ.

ಗೆರೆ ತಾನಾಗಿ ಸರಿಯುವುದಿಲ್ಲ ಮಗು. ಯಾರೋ ಏನೋ ಮಾಡಿದ್ದಕ್ಕೆ ಸರಿಯುತ್ತದೆ. ಯಾರು ಮಾಡಿದರು, ಏನು ಮಾಡಿದರು, ಅದನ್ನು ನೋಡಿ ಇನ್ಯಾರು ಏನು ಮಾಡಿದರು ಅನ್ನುವುದನ್ನು ಪೆನ್ಸಿಲ್ ಮುಟ್ಟುವ ಮೊದಲು ಬಾಯಲ್ಲಿ ಹೇಳು. ಹೇಳಲು ಬಂದರೆ ಗೆರೆ ಎಳೆ. ಬರದಿದ್ದರೆ ಪುಸ್ತಕಕ್ಕೆ ವಾಪಸ್ ಹೋಗು.

ಗೃಹಲಕ್ಷ್ಮಿಯನ್ನೇ ತಗೋ. 2023ರ ಆಗಸ್ಟ್‌ನಲ್ಲಿ ಶುರುವಾದದ್ದು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯೋಜನೆ ಸರಿಯೋ ತಪ್ಪೋ ಅನ್ನುವ ಜಗಳವನ್ನು ಅರಳಿಕಟ್ಟೆಯ ಮೇಲೆ ಕೂತವರು ನೋಡಿಕೊಳ್ಳುತ್ತಾರೆ, ನೀನು ದುಡ್ಡಿನ ಹಿಂದೆ ಹೋಗು. ಕೈಗೆ ಬಂದ ನೂರರಲ್ಲಿ ಎಂಬತ್ತು ಖರ್ಚಾಗುತ್ತದೆ ಅಂತ ಇಟ್ಟುಕೋ. ಸೀಮಾಂತ ಅನುಭೋಗ ಪ್ರವೃತ್ತಿ 0.8, ಗುಣಕ 5. ಹಾಗಾದರೆ ಆ 2,000 ರೂಪಾಯಿಯಿಂದ ಒಟ್ಟು ವರಮಾನ ಎಷ್ಟು ಏರುತ್ತದೆ? ಕ್ಯಾಲ್ಕುಲೇಟರ್ ಕೆಳಗಿಡು. ‘ಹತ್ತು ಸಾವಿರ’ ಅಂತ ನೀನು ಆಗಲೇ ಬರೆದದ್ದು ನನಗೆ ಕಾಣಿಸುತ್ತಿದೆ. ತಪ್ಪು.

ನಿಧಾನಕ್ಕೆ ನೋಡು. ಸರ್ಕಾರ ಆಕೆಯ ಖಾತೆಗೆ 2,000 ಹಾಕಿತು. ಆ ಹೊತ್ತಿಗೆ ಯಾರೂ ಏನನ್ನೂ ತಯಾರಿಸಲಿಲ್ಲ, ಯಾರೂ ಏನನ್ನೂ ಮಾರಲಿಲ್ಲ. ದುಡ್ಡು ಕೈ ಬದಲಾಯಿಸಿತು ಅಷ್ಟೆ. ಆಕೆ ಅಂಗಡಿಗೆ ಹೋಗಿ 1,600 ಕೊಟ್ಟು ಸಾಮಾನು ತಂದಾಗ ಉತ್ಪಾದನೆಯ ಲೆಕ್ಕ ಶುರು. ಅಲ್ಲಿಂದ 1,280, ಆಮೇಲೆ 1,024, ಹೀಗೇ ಕೂಡಿಸುತ್ತ ಹೋದರೆ ನಿಲ್ಲುವುದು 8,000ಕ್ಕೆ. ಅದೇ 2,000 ರೂಪಾಯಿಯಲ್ಲಿ ಪಂಚಾಯಿತಿ ಒಂದು ಚರಂಡಿ ರಿಪೇರಿ ಮಾಡಿಸಿದ್ದರೆ, ಗಾರೆ ಕೆಲಸದವನ ಕೂಲಿಯೇ ಮೊದಲ ಸುತ್ತಿನ ವರಮಾನ, ಆಗ 10,000. ಎರಡೂ ‘ಸರ್ಕಾರದ ಖರ್ಚೇ’ ಅಂತ ನೀನು ಒಂದೇ ಗಂಟು ಕಟ್ಟಿದ್ದೆ. ಸೂತ್ರ ನಿನಗೆ ಗೊತ್ತಿತ್ತು. ಯಾರು ಏನು ಮಾಡಿದರು ಅಂತ ನೋಡಿರಲಿಲ್ಲ.

ಇನ್ನೂ ಒಂದು ಹೆಜ್ಜೆ ಹೋಗು. ಆಕೆ ಕೊಂಡ ತಾಳೆ ಎಣ್ಣೆ ಇಂಡೋನೇಷ್ಯಾದಿಂದಲೋ ಮಲೇಷ್ಯಾದಿಂದಲೋ ಬಂದಿರುತ್ತದೆ. ಆ ದುಡ್ಡಿನ ದೊಡ್ಡ ಪಾಲು ಅಂಗಡಿಯವನ ಗಲ್ಲಾ ದಾಟಿ ದೇಶವನ್ನೇ ಬಿಟ್ಟು ಹೋಯಿತು. ಜಿಎಸ್‌ಟಿ ಒಂದಿಷ್ಟು ಕತ್ತರಿಸಿಕೊಂಡಿತು. ಹೀಗೆ ಸೋರಿದ್ದನ್ನೆಲ್ಲ ಕಳೆದರೆ ನಿಜವಾದ ಗುಣಕ ಪುಸ್ತಕದ ಐದರ ಹತ್ತಿರವೂ ಸುಳಿಯುವುದಿಲ್ಲ.

ಈ ಅನುಮಾನ ಮೊದಲು ನಿನಗೇ ಬಂತು ಅಂತ ಬೀಗಬೇಡ. ಕೀನ್ಸ್ ಪಾಠ ಹೇಳುತ್ತಿದ್ದ ಕೇಂಬ್ರಿಜ್‌ನಲ್ಲೇ ಓದಿ ಬಂದ ವಿ.ಕೆ.ಆರ್.ವಿ. ರಾವ್ 1952ರಲ್ಲೇ ಈ ಗುಣಕದ ಜುಟ್ಟು ಹಿಡಿದು ಕೇಳಿದ್ದರು. ಇಂಗ್ಲೆಂಡಿನ ಮುಗ್ಗಟ್ಟಿನಲ್ಲಿ ಯಂತ್ರಗಳು ಸುಮ್ಮನೆ ನಿಂತಿದ್ದವು, ಕೆಲಸಗಾರರು ಗೇಟಿನ ಹೊರಗೆ ಕಾಯುತ್ತಿದ್ದರು. ಬೇಡಿಕೆ ಬಂದ ಕೂಡಲೇ ಉತ್ಪಾದನೆ ಏರಬಹುದಿತ್ತು. ನಮ್ಮಲ್ಲಿ? ಒಂದೇ ಹೊಲದಲ್ಲಿ ಇಡೀ ಮನೆಮಂದಿ ದುಡಿಯುವ ಮರೆಮಾಚಿದ ನಿರುದ್ಯೋಗ. ಭೂಮಿ ಸಾಲದು, ಬಂಡವಾಳ ಸಾಲದು. ಕೈಗೆ ದುಡ್ಡು ಬಂದರೆ ಬೇಡಿಕೆ ಏರುತ್ತದೆ, ಬೆಳೆ ಏರುವುದಿಲ್ಲ, ಕೊನೆಗೆ ಬೆಲೆ ಏರುತ್ತದೆ ಅಂದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದವರು ಇವರೇ. ನಾಗರಬಾವಿ ಕಡೆ ಹೋಗುವ ಬಸ್ಸು ಹತ್ತಿ ಒಮ್ಮೆ ಆ ಸಂಸ್ಥೆಯ ಲೈಬ್ರರಿ ನೋಡಿಕೊಂಡು ಬಾ. ಗೈಡು ಓದಿ ಮಂಕಾದ ಕಣ್ಣಿಗೆ ಒಳ್ಳೆಯದು. ಇವತ್ತಿನ ಭಾರತ 1952ರದ್ದಲ್ಲ, ರಾವ್ ಹೇಳಿದ್ದೆಲ್ಲ ಇಂದಿಗೂ ಹಾಗೇ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಅವರು ಕೇಳಿದ ಪ್ರಶ್ನೆ ನಿಲ್ಲುತ್ತದೆ. ಈ ಊರಲ್ಲಿ ಸುಮ್ಮನೆ ಕೂತಿರುವುದು ಏನು, ಯಾರು?

ನಿನ್ನ ಪುಸ್ತಕದ ಪ್ರತಿ ಮಾದರಿಗೂ ಹುಟ್ಟಿದ ವರ್ಷ ಇದೆ, ಹುಟ್ಟಿಸಿದ ಸಂಕಟ ಇದೆ. ನೀನೋ ಎಲ್ಲವನ್ನೂ ದೇವರ ಪಟಗಳ ಥರ ಸಾಲಾಗಿ ನೇತುಹಾಕಿ ಕೈಮುಗಿಯುತ್ತೀಯ. ಕೀನ್ಸ್ ಪುಸ್ತಕ 1936ರದ್ದು, ಮಹಾಮುಗ್ಗಟ್ಟಿನ ಕೂಸು. ಮರುವರ್ಷವೇ ಹಿಕ್ಸ್ ಅದನ್ನು ಎರಡು ಗೆರೆಗೆ ಇಳಿಸಿದರು. ನೀನು ನಿದ್ದೆಗೆಟ್ಟು ಎಳೆಯುವ ಗೆರೆಗಳು ಅವೇ. ಮುಪ್ಪಿನಲ್ಲಿ ಆ ಹಿಕ್ಸ್‌ಗೇ ಅವುಗಳ ಮೇಲೆ ನಂಬಿಕೆ ತೆಳುವಾಯಿತು, ತರಗತಿಯ ಉಪಕರಣ ಅನ್ನುವ ಮಟ್ಟಕ್ಕೆ ಬಂದರು. ಫಿಲಿಪ್ಸ್ 1958ರಲ್ಲಿ ಬ್ರಿಟನ್ನಿನ ಸುಮಾರು ನೂರು ವರ್ಷಗಳ ಕೂಲಿ, ನಿರುದ್ಯೋಗದ ಅಂಕಿಗಳನ್ನು ಚುಕ್ಕಿ ಇಟ್ಟು ನೋಡಿದರು. ನಿರುದ್ಯೋಗ ಕಡಿಮೆಯಿದ್ದಾಗ ಕೂಲಿ ಬೇಗ ಏರುತ್ತಿತ್ತು. ಹಣದುಬ್ಬರ ಸ್ವಲ್ಪ ಸಹಿಸಿಕೊಂಡರೆ ನಿರುದ್ಯೋಗ ಇಳಿಸಬಹುದು ಅಂತ ಸರ್ಕಾರಗಳು ಕುಣಿದವು. ಜನ ಬೆಲೆ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿ ಕೂಲಿ ಕೇಳಲು ಶುರುಮಾಡುತ್ತಾರೆ, ಆಟ ನಡೆಯುವುದಿಲ್ಲ ಅಂತ 1968ರ ಹೊತ್ತಿಗೇ ಫ್ರೀಡ್‌ಮನ್ ಎಚ್ಚರಿಸಿದ್ದರು. 1973ರಲ್ಲಿ ತೈಲದ ಬೆಲೆ ಸಿಡಿದ ಮೇಲೆ ಹಣದುಬ್ಬರವೂ ಏರಿತು, ನಿರುದ್ಯೋಗವೂ ಏರಿತು.

ಪೇಪರ್ ಓದು ಅಂದರೆ ಹೆಡ್‌ಲೈನ್ ಓದಿ ಎದ್ದುಬಿಡುತ್ತೀಯ. 2021ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಶೇ. 20.1 ಬೆಳೆಯಿತು ಅಂತ ಬಂದಿತ್ತು. ಅದರ ಹಿಂದಿನ ವರ್ಷ, ಲಾಕ್‌ಡೌನಿನಲ್ಲಿ, ಅದೇ ಮೂರು ತಿಂಗಳ ಮೊದಲ ಅಂದಾಜು ಶೇ. 23.9 ಕುಸಿತ. ನೂರು ಇದ್ದದ್ದು 76 ಆಯಿತು. ಅದಕ್ಕೆ ಶೇ. 20 ಸೇರಿಸು, 91. ಇಷ್ಟೆಲ್ಲ ‘ಬೆಳೆದ’ ಮೇಲೂ ಎರಡು ವರ್ಷದ ಹಿಂದೆ ಇದ್ದ ಜಾಗಕ್ಕೆ ಬಂದಿರಲಿಲ್ಲ. ಹಾಗೇ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಏರುವ ವೇಗ ತಗ್ಗಿತು ಅಂತ. ಈ ವಿಷಯದಲ್ಲಿ ನಿನ್ನ ಅಮ್ಮನ ಗೊಣಗಾಟವೂ ನಿಜ, ಪೇಪರೂ ನಿಜ. ಹಾಗೇ ಸರ್ಕಾರದ ಕೊರತೆ ಈ ವರ್ಷದ್ದು, ಸಾಲ ಈವರೆಗಿನದ್ದು. ಇವನ್ನು ಕಲಸಿದರೆ ಪರೀಕ್ಷಕರು ಮುಂದೆ ಓದುವುದೇ ಇಲ್ಲ.

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯಲ್ಲಿ ಆರು ಜನ. ಸಭೆಯಾದ 14ನೇ ದಿನ ನಡಾವಳಿ ಹೊರಬರುತ್ತದೆ, ಯಾರು ಏನು ಹೇಳಿದರು ಅನ್ನುವ ಸಮೇತ, ಬಿಟ್ಟಿಯಾಗಿ. 2024ರ ಜೂನ್‌ನದ್ದನ್ನು ಓದು. ನಾಲ್ವರು ರೆಪೊ ದರ ಶೇ. 6.5ರಲ್ಲೇ ಇರಲಿ ಅಂದರು, ಇಬ್ಬರು ಕಾಲು ಪರ್ಸೆಂಟ್ ಇಳಿಸಿ ಅಂದರು. ಆರೂ ಜನರ ಮುಂದಿದ್ದದ್ದು ಒಂದೇ ಅಂಕಿಗಳು. ಆಹಾರದ ಬೆಲೆ ಇನ್ನೂ ಹತೋಟಿಗೆ ಬಂದಿಲ್ಲ ಅನ್ನುವ ಭಯ ಒಂದು ಕಡೆ, ಬಡ್ಡಿಯ ಭಾರಕ್ಕೆ ಬೆಳವಣಿಗೆ ಸೊರಗುತ್ತದೆ ಅನ್ನುವ ಭಯ ಇನ್ನೊಂದು ಕಡೆ. ನಿನ್ನ ಪುಸ್ತಕದಲ್ಲಿ ರಿಸರ್ವ್ ಬ್ಯಾಂಕ್ ಹಣದ ಪೂರೈಕೆಯನ್ನು ಏರಿಸಿ ಇಳಿಸಿ ಎಲ್‌ಎಂ ಸರಿಸುತ್ತದೆ, ಇಲ್ಲಿ ಬಡ್ಡಿದರವನ್ನೇ ಗೊತ್ತುಮಾಡುತ್ತದೆ, ಹಣ ಅದಕ್ಕೆ ಹೊಂದಿಕೊಳ್ಳುತ್ತದೆ. ಎರಡಕ್ಕೂ ಯಾಕೆ ತಾಳೆಯಿಲ್ಲ ಅಂತ ಕ್ಲಾಸಿನಲ್ಲಿ ಎದ್ದು ಕೇಳು. ಮೇಷ್ಟ್ರು ಸಿಟ್ಟಾದರೂ ಆಗಬಹುದು, ಖುಷಿಯಾದರೂ ಆಗಬಹುದು. ಎರಡರಲ್ಲಿ ಯಾವುದಾದರೂ ನಿನ್ನ ಹೆಸರು ಅವರಿಗೆ ನೆನಪಿರುತ್ತದೆ.

ಇನ್ನು ಆ ಗ್ರಾಫು. ಐಎಸ್–ಎಲ್‌ಎಂನಲ್ಲಿ ನೆಟ್ಟಗೆ ನಿಂತ ಅಕ್ಷಕ್ಕೆ ಬಡ್ಡಿದರ ಅಂತ ಬರಿ, ಒಟ್ಟು ಬೇಡಿಕೆ–ಪೂರೈಕೆಯದ್ದಾದರೆ ಬೆಲೆ ಮಟ್ಟ. ಹೆಸರು ಬರೆಯದ ಗ್ರಾಫಿಗೆ ಸೊನ್ನೆ ಸುತ್ತುವ ಪರೀಕ್ಷಕರನ್ನು ನಿನ್ನ ಗೆಳೆಯರು ಹಾಸ್ಟೆಲಿನಲ್ಲಿ ಕೂತು ಬೈಯುತ್ತಾರಲ್ಲ, ಅಂಥವರಲ್ಲಿ ನಾನೂ ಒಬ್ಬಳು.