ಫೈರ್‌ವಾಲ್ ಇದೆ, ಇಂಟರ್ನೆಟ್ ಇಲ್ಲ

ಪ್ರಶ್ನೆ: ಹೊಸೂರಿನ ನಮ್ಮ ಮನೆಯಲ್ಲಿ ಫೈಬರ್ ಮೋಡೆಮ್‌ಗೆ ಹೊಸ ಫೈರ್‌ವಾಲ್ ಜೋಡಿಸಿದ್ದೇನೆ. ಅದರ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ, ಇಂಟರ್ನೆಟ್ ಮಾತ್ರ ಬರುತ್ತಿಲ್ಲ. ಬೆಂಗಳೂರಿನ ಕಚೇರಿ ಕೆಲಸವನ್ನು ಮನೆಯಿಂದಲೇ ಮಾಡಬೇಕು. ಏನು ಮಾಡಲಿ?

ಉತ್ತರ: ಪುಟ ತೆರೆಯುತ್ತಿದೆ ಎಂದರೆ ಮನೆಯೊಳಗಿನ ಸಂಪರ್ಕ ಸರಿಯಿದೆ. ಮೊದಲು ಫೈರ್‌ವಾಲ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿ.

ವಿಳಾಸ ಖಾಲಿಯಿದ್ದರೆ ಮೋಡೆಮ್‌ನ ಕೇಬಲ್ ವ್ಯಾನ್ ಪೋರ್ಟ್‌ನಲ್ಲೇ ಇದೆಯೇ ಪರೀಕ್ಷಿಸಿ. ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿದ್ದರೆ, ಸೇವಾದಾರರು ಕೊಟ್ಟ ಪಿಪಿಪಿಒಇ ಹೆಸರು, ಪಾಸ್‌ವರ್ಡ್‌ಗಳನ್ನು ಫೈರ್‌ವಾಲ್‌ನಲ್ಲೇ ತುಂಬಬೇಕು.

ವ್ಯಾನ್‌ನಲ್ಲಿ 192.168.1.5ರಂಥ ವಿಳಾಸವಿದ್ದು, ಫೈರ್‌ವಾಲ್‌ನ ಒಳವಿಳಾಸವೂ 192.168.1.1 ಆಗಿದ್ದರೆ ತೊಡಕು ಸಿಕ್ಕಂತೆಯೇ. ಎರಡು ಬೀದಿಗಳಿಗೂ ಒಂದೇ ಹೆಸರಿದ್ದರೆ ಅಂಚೆಯಣ್ಣ ಎತ್ತ ಹೋಗಬೇಕು? ಒಳವಿಳಾಸವನ್ನು 192.168.50.1 ಮಾಡಿ, ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿ.

ಆಮೇಲೆ ಫೈರ್‌ವಾಲ್‌ನಿಂದಲೇ 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದೂ ಲ್ಯಾಪ್‌ಟಾಪ್‌ನಿಂದ ಅದೇ ಪಿಂಗ್ ಹೋಗದಿದ್ದರೆ ನ್ಯಾಟ್ ಅಥವಾ ಲ್ಯಾನ್ ನಿಯಮ ತಪ್ಪಿದೆ. ಪಿಂಗ್ ಹೋಗಿಯೂ ಜಾಲತಾಣ ತೆರೆಯದಿದ್ದರೆ ಡಿಎನ್‌ಎಸ್ ಸರಿಪಡಿಸಿ.

ಬೇಸರಪಟ್ಟು ವ್ಯಾನ್ ಕಡೆ ಎಲ್ಲವನ್ನೂ ಅನುಮತಿಸುವ ನಿಯಮ ಮಾತ್ರ ಹಾಕಬೇಡಿ. ಅದರಿಂದ ಇಂಟರ್ನೆಟ್ ಬರುವುದಿಲ್ಲ, ಮನೆಯ ರಕ್ಷಣೆ ಹೋಗುತ್ತದೆ. ಎಲ್ಲ ಸರಿಯಾದ ಕೂಡಲೇ ಸೆಟ್ಟಿಂಗ್ಸ್‌ನ ಬ್ಯಾಕಪ್ ತೆಗೆದಿಡಿ.